ನಿಮ್ಮ ಮನೆಯ ವೈಫೈ: ಅಳೆದು ನೋಡಿ, ಆಮೇಲೆ ಸರಿಪಡಿಸಿ

ಗೋಕಾಕ ತಾಲ್ಲೂಕಿನ ಮೇಲವಂಕಿಯಲ್ಲಿ ಒಂದು ಹಳೆಯ ಮನೆ ಇದೆ ಎಂದುಕೊಳ್ಳಿ. ಮಣ್ಣಿನ ದಪ್ಪ ಗೋಡೆಗಳು. ಮುಂದೆ ಪಡಸಾಲೆ, ಆಮೇಲೆ ನಡುಮನೆ, ಅದರ ಹಿಂದೆ ಒಂದು ಕೋಣೆ. ಪಡಸಾಲೆಯ ಮೂಲೆಯಲ್ಲಿ ಟಿ.ವಿ.ಯ ಹಿಂದೆ, ಕಬ್ಬಿಣದ ತಿಜೋರಿಗೆ ಒತ್ತಿಕೊಂಡು ವೈಫೈ ಪೆಟ್ಟಿಗೆ ಕುಳಿತಿದೆ. ಹಿಂದಿನ ಕೋಣೆಯಲ್ಲಿ ಅಕ್ಕ ಮೊಬೈಲಿನಲ್ಲಿ ವಿದ್ಯಾರ್ಥಿವೇತನದ ಅರ್ಜಿ ತುಂಬುತ್ತಿದ್ದಾಳೆ. ನಾಳೆಯೇ ಕೊನೆಯ ದಿನ. ಫೋಟೋ ಕಳಿಸಬೇಕು, ಆದರೆ ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇದೆ.

"ಅಪ್ಪಾ, ನೆಟ್ ಬರವಲ್ದು."

"ದೊಡ್ಡ ಪ್ಲಾನ್ ಹಾಕಸೂಣೇನು? ತಿಂಗಳಾ ರೊಕ್ಕ ಹೆಚ್ಚ ಹೋಗತೈತಿ ನೋಡವ್ವಾ."

ರೊಕ್ಕ ಕೊಡುವ ಮೊದಲು ತೊಂದರೆ ಎಲ್ಲಿದೆ ಎಂದು ಹುಡುಕೋಣ. ಇದಕ್ಕೆ ಬೇಕಾದದ್ದು ಒಂದು ಮೊಬೈಲು, ಒಂದು ನೋಟ್‌ಬುಕ್ಕು, ಒಂದು ಪೆನ್ಸಿಲ್ಲು ಅಷ್ಟೆ.

ಕಾಲುವೆಯ ಲೆಕ್ಕ

ಧೂಪದಾಳದ ಒಡ್ಡಿನಿಂದ ಹೊರಡುವ ಘಟಪ್ರಭಾ ಎಡದಂಡೆ ಕಾಲುವೆಯನ್ನು ನೀವು ನೋಡಿರಬಹುದು. ಹೊಲಕ್ಕೆ ನೀರು ಕಡಿಮೆ ಬಂದರೆ ಎರಡು ಕಾರಣ ಇರಬಹುದು. ಒಂದು, ದೊಡ್ಡ ಕಾಲುವೆಯಲ್ಲೇ ನೀರಿಲ್ಲ. ಇನ್ನೊಂದು, ಅಲ್ಲಿ ನೀರು ತುಂಬಿದೆ, ಆದರೆ ನಮ್ಮ ಹೊಲದವರೆಗಿನ ಸಣ್ಣ ಕಾಲುವೆಯಲ್ಲಿ ಸೋರಿಹೋಗುತ್ತಿದೆ. ಇಂಟರ್ನೆಟ್ಟಿಗೂ ಹೀಗೆಯೇ ಎರಡು ಹಾದಿಗಳಿವೆ. ಹೊರಗಿನಿಂದ ಪೆಟ್ಟಿಗೆಯವರೆಗೆ ಸಾಮಾನ್ಯವಾಗಿ ತಂತಿಯಲ್ಲಿ ಬರುತ್ತದೆ. ಪೆಟ್ಟಿಗೆಯಿಂದ ಮೊಬೈಲಿಗೆ ಗಾಳಿಯಲ್ಲಿ, ರೇಡಿಯೋ ಅಲೆಗಳ ಮೂಲಕ ಬರುತ್ತದೆ. ದೊಡ್ಡ ಪ್ಲಾನ್ ಹಾಕಿಸಿದರೆ ಮೊದಲನೆಯ ಹಾದಿಯ ವೇಗ ಮಾತ್ರ ಹೆಚ್ಚುತ್ತದೆ. ಸೋರಿಕೆ ಎರಡನೆಯದರಲ್ಲಿದ್ದರೆ ಕೊಟ್ಟ ರೊಕ್ಕ ದಂಡ.

ವೇಗವನ್ನು ಮೆಗಾಬಿಟ್ ಎಂಬ ಮಾನದಲ್ಲಿ ಹೇಳುತ್ತಾರೆ. ಫೋಟೋ, ವಿಡಿಯೋಗಳ ಗಾತ್ರವನ್ನು ಹೇಳುವುದು ಮೆಗಾಬೈಟ್‌ನಲ್ಲಿ. ಎರಡೂ ಒಂದೇ ಅಲ್ಲ. 8 ಬಿಟ್ ಸೇರಿದರೆ 1 ಬೈಟ್. ಆದ್ದರಿಂದ ಸೆಕೆಂಡಿಗೆ 40 ಮೆಗಾಬಿಟ್ ಎಂದರೆ 5 ಮೆಗಾಬೈಟ್ ಮಾತ್ರ. 300 ಮೆಗಾಬೈಟ್‌ನ ಒಂದು ಪಾಠದ ವಿಡಿಯೋ ಇಳಿಯಲು ಆ ವೇಗದಲ್ಲಿ 60 ಸೆಕೆಂಡು ಬೇಕು. ವೇಗ 4 ಮೆಗಾಬಿಟ್‌ಗೆ ಬಿದ್ದರೆ? ನೀವೇ ಲೆಕ್ಕ ಹಾಕಿ. ಹತ್ತು ನಿಮಿಷ ಬಂದರೆ ಸರಿ.

ಅಳೆಯುವುದು ಹೇಗೆ?

ವೇಗ ಅಳೆಯುವ ಆ್ಯಪ್‌ಗಳು ಉಚಿತವಾಗಿ ಸಿಗುತ್ತವೆ. ಭಾರತ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ 'ಮೈಸ್ಪೀಡ್' ಅಂಥದ್ದೊಂದು. ಅಳೆಯುವ ಮುನ್ನ ಮೊಬೈಲ್ ಡೇಟಾವನ್ನು ಆಫ್ ಮಾಡಲು ಮರೆಯಬೇಡಿ. ಇಲ್ಲವಾದರೆ ವೈಫೈ ಬದಲು ಸಿಮ್ ಕಾರ್ಡಿನ ವೇಗ ಅಳೆದು ಮೋಸಹೋಗುತ್ತೀರಿ. ಅದೇ ಹೊತ್ತಿನಲ್ಲಿ ಮನೆಯ ಬೇರೆ ಮೊಬೈಲು, ಟಿ.ವಿ.ಗಳು ನೆಟ್ ಬಳಸುತ್ತಿರಬಾರದು.

ಮೊದಲು ಪೆಟ್ಟಿಗೆಯಿಂದ ಎರಡು ಹೆಜ್ಜೆ ದೂರದಲ್ಲಿ ನಿಂತು ಅಳೆಯಿರಿ. ಆಮೇಲೆ ನಡುಮನೆಯಲ್ಲಿ, ಆಮೇಲೆ ಹಿಂದಿನ ಕೋಣೆಯಲ್ಲಿ. ಪ್ರತಿ ಜಾಗದಲ್ಲೂ ಮೂರು ಸಲ ಅಳೆದು, ಮೂರರಲ್ಲಿ ನಡುವಿನ ಅಂಕಿಯನ್ನು ಬರೆದುಕೊಳ್ಳಿ. ಒಂದೇ ಸಲ ಅಳೆದರೆ ನಂಬುವಂತಿಲ್ಲ, ಏಕೆಂದರೆ ವೇಗ ಕ್ಷಣಕ್ಷಣಕ್ಕೂ ಏರಿಳಿಯುತ್ತದೆ. ಡೌನ್‌ಲೋಡ್, ಅಪ್‌ಲೋಡ್ ಎಂದು ಎರಡು ಅಂಕಿಗಳು ಕಾಣುತ್ತವೆ. ಅಕ್ಕ ಫೋಟೋ ಕಳಿಸಲು ಬೇಕಾದದ್ದು ಎರಡನೆಯದು. ಇನ್ನೊಂದು ಮಾತು: ಅಳೆಯುವುದಕ್ಕೂ ಡೇಟಾ ಖರ್ಚಾಗುತ್ತದೆ, ಆಟವೆಂದು ದಿನವಿಡೀ ಅಳೆಯುತ್ತ ಕೂರಬೇಡಿ.

ನಮ್ಮ ಕಲ್ಪನೆಯ ಮನೆಯಲ್ಲಿ ಪ್ಲಾನ್ 40 ಮೆಗಾಬಿಟ್‌ನದು. ಪೆಟ್ಟಿಗೆಯ ಹತ್ತಿರ 38, ನಡುಮನೆಯಲ್ಲಿ 15, ಹಿಂದಿನ ಕೋಣೆಯಲ್ಲಿ 2 ಬಂತು ಎಂದುಕೊಳ್ಳೋಣ. ಇದರಿಂದ ಏನು ತಿಳಿಯಿತು? ದೊಡ್ಡ ಕಾಲುವೆ ತುಂಬಿ ಹರಿಯುತ್ತಿದೆ. ಸೋರಿಕೆ ಮನೆಯೊಳಗೇ ಇದೆ. ಹತ್ತಿರದಲ್ಲೂ 2 ಬಂದಿದ್ದರೆ ಮೊದಲು ಪೆಟ್ಟಿಗೆಯನ್ನು ಆರಿಸಿ ಮತ್ತೆ ಹಚ್ಚಿ ನೋಡಬೇಕಿತ್ತು. ಆಗಲೂ ಅಷ್ಟೇ ಬಂದರೆ ನೆಟ್ ಕೊಡುವವರಿಗೆ ದೂರು ಹೇಳಬೇಕಿತ್ತು. ಬರೆದಿಟ್ಟ ಅಂಕಿ ಕೈಯಲ್ಲಿದ್ದರೆ ದೂರಿಗೂ ಬೆಲೆ.

ಅಲೆಗೆ ಅಡ್ಡ ಬರುವುದು ಏನು?

ವೈಫೈ ಅಲೆಗಳು ಬೆಳಕಿನ ವೇಗದಲ್ಲಿ, ಎಂದರೆ ಸೆಕೆಂಡಿಗೆ ಸುಮಾರು 30 ಕೋಟಿ ಮೀಟರ್ ವೇಗದಲ್ಲಿ ಸಾಗುತ್ತವೆ. 2.4 ಗಿಗಾಹರ್ಟ್ಸ್ ಎಂದರೆ ಸೆಕೆಂಡಿಗೆ 240 ಕೋಟಿ ಕಂಪನ. 30 ಕೋಟಿಯನ್ನು 240 ಕೋಟಿಯಿಂದ ಭಾಗಿಸಿದರೆ ಒಂದು ಅಲೆಯ ಉದ್ದ 12.5 ಸೆಂಟಿಮೀಟರ್ ಎಂದು ಸಿಗುತ್ತದೆ. ಸುಮಾರು ನಿಮ್ಮ ಅಂಗೈಯಷ್ಟು! ಹೊಸ ಪೆಟ್ಟಿಗೆಗಳಲ್ಲಿ 5 ಗಿಗಾಹರ್ಟ್ಸ್‌ನ ಇನ್ನೊಂದು ಅಲೆಯೂ ಇರುತ್ತದೆ. ಅದರ ಉದ್ದ ಸುಮಾರು 6 ಸೆಂಟಿಮೀಟರ್. ಇದು ಹತ್ತಿರದಲ್ಲಿ ಹೆಚ್ಚು ವೇಗ ಕೊಡುತ್ತದೆ, ಆದರೆ ಗೋಡೆ ದಾಟುವಾಗ ಬೇಗ ಸೋಲುತ್ತದೆ. ಮೊಬೈಲಿನಲ್ಲಿ ವೈಫೈ ಹೆಸರಿನ ಮುಂದೆ '5ಜಿ' ಎಂದು ಕಂಡರೆ ಅದು ಈ ಅಲೆ. ಮೊಬೈಲ್ ಟವರಿನ 5ಜಿ ಬೇರೆ, ಇದು ಬೇರೆ. ದೊಡ್ಡವರೂ ಇಲ್ಲಿ ಗೊಂದಲಪಡುತ್ತಾರೆ.

ಇಂಥ ಅಲೆಗಳು ಗೋಡೆಯನ್ನು ದಾಟಬಲ್ಲವು ಎಂಬುದನ್ನು ಜಗದೀಶಚಂದ್ರ ಬೋಸರು 1895ರಲ್ಲಿಯೇ ಕಲ್ಕತ್ತೆಯಲ್ಲಿ ಜನರ ಮುಂದೆ ತೋರಿಸಿದ್ದರು. ಗೋಡೆಯಾಚೆ ಇಟ್ಟ ಗಂಟೆಯನ್ನು ತಂತಿಯಿಲ್ಲದೆ ಬಾರಿಸಿದ್ದರು. ಆದರೆ ದಾಟುವಾಗ ಅಲೆಯ ಬಲ ಕುಗ್ಗುತ್ತದೆ. ಎಷ್ಟು ಕುಗ್ಗುತ್ತದೆ ಎಂಬುದು ಅಡ್ಡ ಇರುವ ವಸ್ತುವನ್ನು ಅವಲಂಬಿಸಿದೆ.

ಮಾಡಿ ನೋಡಿ

ಶಾಲೆಯಲ್ಲಿ ವೈಫೈ ಇಲ್ಲದಿದ್ದರೂ ಈ ಪ್ರಯೋಗ ಮಾಡಬಹುದು. ಗುರುಗಳ ಮೊಬೈಲಿನಲ್ಲಿ ಹಾಟ್‌ಸ್ಪಾಟ್ ಹಚ್ಚಿಸಿ. ಆಗ ಆ ಮೊಬೈಲೇ ವೈಫೈ ಪೆಟ್ಟಿಗೆ! ಅದನ್ನು ಮೈದಾನದಲ್ಲಿ ಒಂದು ಸ್ಟೂಲಿನ ಮೇಲಿಟ್ಟು, ಇನ್ನೊಂದು ಮೊಬೈಲಿನಲ್ಲಿ ಅದಕ್ಕೆ ಸೇರಿಕೊಂಡು ಹಿಂದೆ ಹಿಂದೆ ನಡೆಯಿರಿ. ವೈಫೈ ಗುರುತಿನ ಒಂದು ಗೆರೆ ಕಡಿಮೆಯಾದ ಜಾಗದಲ್ಲಿ ನಿಲ್ಲಿ. ಈಗ ಹಾಟ್‌ಸ್ಪಾಟ್ ಮೊಬೈಲಿಗೆ ಒಂದೊಂದೇ ವಸ್ತುವನ್ನು ಅಡ್ಡ ಹಿಡಿಯಿರಿ: ಟವೆಲು, ಪುಸ್ತಕಗಳ ಕಟ್ಟು, ಖಾಲಿ ಪ್ಲಾಸ್ಟಿಕ್ ಕೊಡ, ನೀರು ತುಂಬಿದ ಅದೇ ಕೊಡ. ಕೊನೆಗೆ ಮೊಬೈಲನ್ನು ಸ್ಟೀಲ್ ಡಬ್ಬಿಯೊಳಗಿಟ್ಟು ಮುಚ್ಚಳ ಹಾಕಿ. ನಾಲ್ಕೈದು ಮಕ್ಕಳು ಸಾಲಾಗಿ ಅಡ್ಡ ನಿಂತೂ ನೋಡಿ.

ಬಟ್ಟೆ ಏನೂ ಮಾಡುವುದಿಲ್ಲ. ಖಾಲಿ ಕೊಡವೂ ಅಷ್ಟೆ. ನೀರು ಅಲೆಯನ್ನು ಹೀರಿಕೊಳ್ಳುತ್ತದೆ. ನಮ್ಮ ಮೈಯಲ್ಲಿಯೂ ಹೆಚ್ಚಿನ ಪಾಲು ನೀರೇ, ಆದ್ದರಿಂದ ಮಕ್ಕಳ ಸಾಲೂ ಅಲೆಯನ್ನು ಕುಗ್ಗಿಸುತ್ತದೆ. ಲೋಹ ಅಲೆಯನ್ನು ಹಿಂದಕ್ಕೆ ಪ್ರತಿಫಲಿಸುತ್ತದೆ. ಡಬ್ಬಿ ಮುಚ್ಚಿದರೂ ಸಿಗ್ನಲ್ ಪೂರ್ತಿ ಹೋಗದಿದ್ದರೆ ಅಚ್ಚರಿ ಬೇಡ, ಮುಚ್ಚಳದ ಸಂದಿಯಿಂದ ಸ್ವಲ್ಪ ನುಸುಳುತ್ತದೆ.

ಈಗ ಆ ಮನೆಗೆ ಮರಳೋಣ. ತಿಜೋರಿ ಲೋಹ. ಟಿ.ವಿ.ಯೊಳಗೂ ಲೋಹದ ಭಾಗಗಳಿವೆ. ಅವನ್ನು ದಾಟಿದ ಮೇಲೆ ಎರಡು ದಪ್ಪ ಮಣ್ಣಿನ ಗೋಡೆ. ಮಳೆಗಾಲದಲ್ಲಿ ಅವು ತೇವ ಹೀರಿರುತ್ತವೆ. ಬಡಪಾಯಿ ಅಲೆ ಅಕ್ಕನ ಕೋಣೆಗೆ ಮುಟ್ಟುವುದಾದರೂ ಹೇಗೆ?

ಈ ರಾತ್ರಿಯ ಮಟ್ಟಿಗೆ ಉಪಾಯ ಸುಲಭ. ಅಕ್ಕನೇ ಪಡಸಾಲೆಗೆ ಬಂದು ಪೆಟ್ಟಿಗೆಯ ಹತ್ತಿರ ಕುಳಿತರಾಯಿತು, ಅರ್ಜಿ ಹೋಗುತ್ತದೆ. ನಾಳೆ ಪೆಟ್ಟಿಗೆಯನ್ನು ನಡುಮನೆಯ ಬಾಗಿಲ ಪಕ್ಕದಲ್ಲಿ, ಆಳೆತ್ತರದ ಹಲಗೆಯ ಮೇಲೆ ಇಡಿಸಬೇಕು. ಬಾಗಿಲ ತೆರಪಿನಿಂದ ಅಲೆಗೆ ಗೋಡೆಯ ಅಡ್ಡಿ ಕಡಿಮೆಯಾಗುತ್ತದೆ, ದೂರವೂ ತಗ್ಗುತ್ತದೆ. ಅಡ್ಡಿಯಿಲ್ಲದ ಬಯಲಿನಲ್ಲಿ ದೂರ ಎರಡು ಪಟ್ಟಾದರೆ ಅಲೆಯ ಬಲ ಕಾಲುಭಾಗಕ್ಕೆ ಇಳಿಯುತ್ತದೆ.

ಪೆಟ್ಟಿಗೆಗೆ ಕಡ್ಡಿಯಂಥ ಆಂಟೆನಾ ಇದ್ದರೆ ನೆಟ್ಟಗೆ ನಿಲ್ಲಿಸಿ. ಉದ್ದಿನ ವಡೆಯ ತೂತಿನಲ್ಲಿ ಕಡ್ಡಿ ಸಿಕ್ಕಿಸಿದಂತೆ ಊಹಿಸಿಕೊಳ್ಳಿ. ಅಲೆ ಹರಡುವುದು ವಡೆಯ ಆಕಾರದಲ್ಲಿ, ಸುತ್ತಲೂ ಹೆಚ್ಚು. ಕಡ್ಡಿಯ ತುದಿಯ ನೇರಕ್ಕೆ ಬಹಳ ಕಡಿಮೆ.

ಪೆಟ್ಟಿಗೆ ಸರಿಸುವ ಕೆಲಸ ದೊಡ್ಡವರದು. ಬರುವ ತಂತಿ ಗಾಜಿನ ಎಳೆಯದಾಗಿದ್ದರೆ ಮಡಚಿದರೆ ಮುರಿಯುತ್ತದೆ. ಅದರ ತುದಿಗೆ ಕಣ್ಣಿಟ್ಟು ನೋಡಲೇಬಾರದು. ಒಳಗಿನ ಬೆಳಕು ಕಣ್ಣಿಗೆ ಕಾಣುವುದಿಲ್ಲ, ಆದರೆ ಕಣ್ಣಿಗೆ ಅಪಾಯ. ಜಾಗ ಬದಲಾದ ಮೇಲೆ ಮೊದಲಿನ ಮೂರು ಜಾಗಗಳಲ್ಲೇ ಮತ್ತೆ ಅಳೆದು, ಹಳೆಯ ಅಂಕಿಗಳ ಪಕ್ಕದಲ್ಲಿ ಬರೆಯಿರಿ.

ಒಂದು ಪ್ರಶ್ನೆ: ತೋಟದ ಮನೆಯಲ್ಲಿರುವವರು, ಕಬ್ಬು ಎತ್ತರ ಬೆಳೆದಾಗ ಸಿಗ್ನಲ್ ಕಡಿಮೆ, ಕಟಾವಾದ ಮೇಲೆ ಮತ್ತೆ ಚೆನ್ನಾಗಿ ಬರುತ್ತದೆ ಎಂದು ಹೇಳಿದರೆ ನೀವು ನಂಬುತ್ತೀರಾ? ನೀರಿನ ಕೊಡದ ಪ್ರಯೋಗವನ್ನು ನೆನಪಿಸಿಕೊಂಡು ಕಾರಣ ಬರೆಯಿರಿ.