ಗಾಜಿನ ಮನೆಯ ಸೂರು ಮತ್ತು ನೀರುದೋಣಿ

ಮಳೆಯ ನೀರಿಗೆ ಸರಿಯಾದ ದಾರಿ ತೋರದ ಚಾವಣಿ ಬಹುಕಾಲ ಬಾಳದು. ಈ ಮಾತು ಹುಲ್ಲಿನ ಗುಡಿಸಲಿಗೂ ಹೆಂಚಿನ ಮನೆಗೂ ಕಲ್ಲಿನ ದೇಗುಲಕ್ಕೂ ಸಮಾನವಾಗಿ ಅನ್ವಯಿಸುತ್ತದೆ. ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯಲ್ಲಿ 1246ರಲ್ಲಿ ನಿರ್ಮಾಣಗೊಂಡ ಲಕ್ಷ್ಮೀನರಸಿಂಹ ದೇವಾಲಯವನ್ನು ನೋಡಿದವರು, ಗೋಡೆಯ ಶಿಲ್ಪಗಳ ಮೇಲೆ ಮುಂಚಾಚಿಕೊಂಡಿರುವ ಕಲ್ಲಿನ ಸೂರನ್ನು ಗಮನಿಸಿರಬಹುದು. ಅದು ಬರಿಯ ಅಲಂಕಾರವಲ್ಲ. ಮಳೆಯ ನೀರನ್ನು ಶಿಲ್ಪಗಳಿಂದ ದೂರಕ್ಕೆ ಬೀಳಿಸುವ ಉಪಾಯವೂ ಹೌದು. ನಮ್ಮ ತೊಟ್ಟಿ ಮನೆಗಳಲ್ಲಿ ಎರಡು ಮಾಡುಗಳು ಕೂಡುವೆಡೆ ತಗಡಿನ ದೋಣಿಯನ್ನಿಟ್ಟು, ಅದರ ನೀರನ್ನು ಹಂಡೆಗೆ ಹಿಡಿಯುತ್ತಿದ್ದುದು ಹಿರಿಯರಿಗೆಲ್ಲ ತಿಳಿದ ಸಂಗತಿ.

ಈಗ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಸುತ್ತ ಹೊಸ ಬಗೆಯ ಚಾವಣಿಯೊಂದು ಬಂದಿದೆ. ದೊಣ್ಣೆಮೆಣಸಿನಕಾಯಿ, ಹೂವು, ಸಸಿಗಳನ್ನು ಬೆಳೆಯಲು ಕಟ್ಟುವ ಹಸಿರುಮನೆಯೇ ಅದು. ಗಾಜಿನ ಹೊದಿಕೆ ವಿರಳ, ಪ್ಲಾಸ್ಟಿಕ್ ಹಾಳೆಯದೇ ಹೆಚ್ಚು. ಆದರೆ ನೀರಿನ ನಿಯಮಗಳು ಎರಡಕ್ಕೂ ಒಂದೇ. ಗಾಜಿನ ವಿಷಯದಲ್ಲಿ ಅವು ಹೆಚ್ಚು ಸ್ಪಷ್ಟವಾಗಿ ಕಾಣುವುದರಿಂದ, ಇಲ್ಲಿ ಗಾಜಿನ ಮನೆಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ.

ಒಂದು ದೋಣಿ, ಮೂರು ಕಾಲುವೆ

ಗಾಜಿನ ಮನೆಯೆಂದೊಡನೆ ಕನ್ನಡಿಗರ ನೆನಪಿಗೆ ಬರುವುದು ಬೆಂಗಳೂರಿನ ಲಾಲ್‌ಬಾಗ್. ಅಲ್ಲಿನ ಗಾಜಿನ ಮನೆಗೆ 1889ರ ನವೆಂಬರ್ 30ರಂದು ರಾಜಕುಮಾರ ಆಲ್ಬರ್ಟ್ ವಿಕ್ಟರ್ ಅಡಿಗಲ್ಲನ್ನಿಟ್ಟನು. ಆಗ ತೋಟದ ಮೇಲ್ವಿಚಾರಕನಾಗಿದ್ದವನು ಜಾನ್ ಕ್ಯಾಮರಾನ್. ಈ ಕಟ್ಟಡಕ್ಕೆ ಸ್ಫೂರ್ತಿಯಾದದ್ದು ಲಂಡನ್ನಿನ ಹೈಡ್ ಪಾರ್ಕಿನಲ್ಲಿ 1851ರ ಮಹಾಪ್ರದರ್ಶನಕ್ಕಾಗಿ ಎದ್ದುನಿಂತ ಸ್ಫಟಿಕ ಅರಮನೆ. ಅದನ್ನು ಯೋಜಿಸಿದ ಜೋಸೆಫ್ ಪ್ಯಾಕ್ಸ್‌ಟನ್ ಮೂಲತಃ ತೋಟಗಾರ. ಆದುದರಿಂದಲೇ ಗಾಜಿನ ಚಾವಣಿಯ ಕಷ್ಟಗಳನ್ನು ಅವನು ಚೆನ್ನಾಗಿ ಬಲ್ಲವನಾಗಿದ್ದನು.

ಆ ಅರಮನೆಯ ಚಾವಣಿ ಏಣು ಮತ್ತು ತಗ್ಗುಗಳ ಸಾಲಾಗಿತ್ತು. ಪ್ರತಿಯೊಂದು ತಗ್ಗಿನಲ್ಲಿಯೂ ಒಂದು ಮರದ ದೋಣಿ. ಪ್ಯಾಕ್ಸ್‌ಟನ್ ಆ ಒಂದೇ ಮರದಲ್ಲಿ ಮೂರು ಕಾಲುವೆಗಳನ್ನು ಕೊರೆಯಿಸಿದನು: ಮೇಲಿನದು ಮಳೆನೀರಿಗೆ, ಎರಡು ಪಕ್ಕದ ಕಿರುಗಾಡಿಗಳು ಗಾಜಿನ ಒಳಮೈಯಲ್ಲಿ ಇಬ್ಬನಿಯಂತೆ ಕಟ್ಟಿ ಜಾರಿಬರುವ ನೀರಿಗೆ. ದೋಣಿಗಳ ನೀರು ಎರಕದ ಕಬ್ಬಿಣದ ಟೊಳ್ಳು ಕಂಬಗಳ ಒಳಗಿನಿಂದಲೇ ನೆಲಕ್ಕಿಳಿಯುತ್ತಿತ್ತು. ಚಾವಣಿಯನ್ನು ಹೊರುವ ಕಂಬವೇ ಇಳಿಗೊಳವೆಯೂ ಆಯಿತು. ಅನಂತರ ಸಿಡೆನ್‌ಹ್ಯಾಮಿಗೆ ಸಾಗಿಸಿ ಕಟ್ಟಿದ ಆ ಅರಮನೆ 1936ರಲ್ಲಿ ಬೆಂಕಿಗೆ ಆಹುತಿಯಾಯಿತು. ಆದರೆ ದೋಣಿಯ ಆ ಪಾಠ ಇಂದಿಗೂ ಹಳತಾಗಿಲ್ಲ.

ಅಂಚನ್ನು ಬಿಡದ ನೀರು

ಮೊದಲು ಸೂರಿನ ವಿಚಾರ. ವಾಚಕರು ಒಂದು ಸಣ್ಣ ಪ್ರಯೋಗವನ್ನು ಮಾಡಿ ನೋಡಬಹುದು. ಒಂದು ಗಾಜಿನ ತುಂಡನ್ನು ಓರೆಯಾಗಿ ಹಿಡಿದು, ಅದರ ಮೇಲೆ ಚೊಂಬಿನಿಂದ ನೀರನ್ನು ರಭಸವಾಗಿ ಸುರಿಯಿರಿ. ನೀರು ಅಂಚನ್ನು ದಾಟಿ ದೂರ ಬೀಳುತ್ತದೆ. ಈಗ ಅದೇ ನೀರನ್ನು ಸಣ್ಣಗೆ, ನಿಧಾನವಾಗಿ ಬಿಡಿ. ನೀರು ಅಂಚಿನಲ್ಲಿ ಬೀಳದೆ ಮಡಿಸಿಕೊಂಡು, ಗಾಜಿನ ಕೆಳಮೈಯನ್ನು ಅಪ್ಪಿಕೊಂಡು ಹಿಂದಕ್ಕೆ ಹರಿಯುತ್ತದೆ. ನೀರಿಗೂ ಗಾಜಿಗೂ ಇರುವ ಅಂಟಿಕೆ ಮತ್ತು ನೀರಿನ ಮೇಲ್ಮೈ ಎಳೆತ ಇದಕ್ಕೆ ಕಾರಣ. ವೇಗವಿದ್ದಾಗ ನೀರಿನ ಜಡತ್ವ ಈ ಹಿಡಿತವನ್ನು ಬಿಡಿಸುತ್ತದೆ. ವೇಗವಿಲ್ಲದಾಗ ಹಿಡಿತವೇ ಗೆಲ್ಲುತ್ತದೆ.

ಆದುದರಿಂದ ಸೂರಿಗೆ ನಿಜವಾದ ಪರೀಕ್ಷೆ ಬಿರುಮಳೆಯಲ್ಲ, ಜಿಟಿಜಿಟಿ ಮಳೆ. ಆಷಾಢದಲ್ಲಿ ಅರಕಲಗೂಡಿನ ಕಡೆ ದಿನಗಟ್ಟಲೆ ಹಿಡಿಯುವ ಸೋನೆಯಲ್ಲಿ ಗಾಜಿನ ಮೇಲೆ ಇಳಿಯುವ ನೀರು ಕೂದಲೆಳೆಯಷ್ಟು ತೆಳ್ಳನೆಯ ಪೊರೆ. ಅದು ಅಂಚಿನಲ್ಲಿ ಹಿಂದಿರುಗಿ ಚೌಕಟ್ಟಿಗೆ ಇಳಿದರೆ ಕಬ್ಬಿಣ ತುಕ್ಕು ಹಿಡಿಯುತ್ತದೆ, ಮರ ಕೊಳೆಯುತ್ತದೆ, ಗೋಡೆಯ ಬದಿಯ ಗಿಡಗಳು ಸದಾ ತೊಯ್ದಿರುತ್ತವೆ.

ಪರಿಹಾರ ಸರಳ. ಗಾಜಿನ ಅಂಚು ದೋಣಿಯ ಒಳಬದಿಯಿಂದ ನಾಲ್ಕೈದು ಸೆಂಟಿಮೀಟರಾದರೂ ಮುಂದಕ್ಕೆ ಚಾಚಿರಬೇಕು. ಅಂಚಿಗೆ ತಗಡಿನ ಪಟ್ಟಿಯನ್ನು ಕೂಡಿಸಿ, ಅದರ ತುದಿಯನ್ನು ನೇರ ಕೆಳಕ್ಕೆ ಬಾಗಿಸಬೇಕು. ನೀರು ಹಿಂದಿರುಗಬೇಕಾದರೆ ಆ ತುದಿಯಿಂದ ಮೇಲಕ್ಕೆ ಹತ್ತಬೇಕು. ಅಷ್ಟು ಬಲ ಅದಕ್ಕಿಲ್ಲ. ಕಲ್ಲು ಅಥವಾ ಕಾಂಕ್ರೀಟಿನ ಸೂರಾದರೆ ಕೆಳಮೈಯಲ್ಲಿ ಅಂಚಿಗೆ ಸಮೀಪವಾಗಿ ಒಂದು ಗಾಡಿಯನ್ನು ಕೊರೆಯುವುದುಂಟು. ಅದರ ಅಗಲ ಎಷ್ಟಿರಬೇಕು? ಜೋತುಬೀಳುವ ನೀರಹನಿ ಕೆಲವೇ ಮಿಲಿಮೀಟರ್ ಗಾತ್ರದ್ದು. ಗಾಡಿ ಅದಕ್ಕಿಂತ ಕಿರಿದಾದರೆ ಹನಿ ಅದನ್ನು ಸೇತುವೆಯಂತೆ ದಾಟಿಬಿಡುತ್ತದೆ. ಒಂದು ಸೆಂಟಿಮೀಟರ್ ಅಗಲವಿದ್ದರೆ ಸಾಕು.

ಒಂದು ಗಾಜಿನ ಮೇಲೊಂದನ್ನು ಹೆಂಚಿನಂತೆ ಹೊದಿಸುವೆಡೆ ಇನ್ನೊಂದು ತೊಡಕುಂಟು. ಎರಡು ಗಾಜುಗಳ ನಡುವಣ ಸಂದು ಅರ್ಧ ಮಿಲಿಮೀಟರ್ ಇದ್ದರೆ, ಕೇಶಾಕರ್ಷಣೆಯಿಂದ ನೀರು ಆ ಸಂದಿನಲ್ಲಿ ತಾನಾಗಿಯೇ ಸುಮಾರು 29 ಮಿಲಿಮೀಟರ್ ಎತ್ತರಕ್ಕೇರಬಲ್ಲದು. ಹೀಗೆ ಮೇಲಂಚಿಗೆ ತಲುಪಿದ ನೀರು ತಾನಾಗಿ ಒಳಕ್ಕೆ ಸುರಿಯಲಾರದು. ಅದನ್ನು ಏರಿಸಿದ ಸೆಳೆತವೇ ಅದನ್ನು ಸಂದಿನಲ್ಲಿ ಹಿಡಿದಿರುತ್ತದೆ. ಆದರೆ ಗಂಟೆಗೆ 72 ಕಿಲೋಮೀಟರ್ ವೇಗದ ಗಾಳಿಯ ಒತ್ತಡ ಸುಮಾರು 24 ಮಿಲಿಮೀಟರ್ ಎತ್ತರದ ನೀರಿನ ಒತ್ತಡಕ್ಕೆ ಸಮ. ಆ ಗಾಳಿ ಬೀಸಿದಾಗ ಕಾದಿದ್ದ ನೀರು ಒಳಕ್ಕೆ ನುಗ್ಗುತ್ತದೆ. ಆದುದರಿಂದ ಮಾಡಿನ ಇಳಿಜಾರನ್ನು ತೀರ ಕಡಿಮೆ ಮಾಡಬಾರದು, ಮತ್ತು ಗಾಳಿ ಹೊಡೆಯುವ ದಿಕ್ಕಿನಲ್ಲಿ ಸಂದುಗಳನ್ನು ಮುಚ್ಚಬೇಕು. ಅಡ್ಡಳತೆ ಎರಡಕ್ಕೆ ಎತ್ತರ ಒಂದು, ಎಂದರೆ ಸುಮಾರು 26 ಡಿಗ್ರಿ ಇಳಿಜಾರು, ಅನುಕೂಲವಾದದ್ದು.

ಮಳೆಯ ಮೊತ್ತವೋ, ಮಳೆಯ ಬಿರುಸೋ?

ಈಗ ದೋಣಿಯ ಅಳತೆ. ಇಲ್ಲಿ ಸಾಮಾನ್ಯವಾಗಿ ಒಂದು ತಪ್ಪು ಕಲ್ಪನೆ ಕಂಡುಬರುತ್ತದೆ. ಅರಕಲಗೂಡಿನ ಮಲೆನಾಡ ಅಂಚಿನಲ್ಲಿ ಮಳೆ ಹೆಚ್ಚು, ಆದುದರಿಂದ ಅಲ್ಲಿ ದೊಡ್ಡ ದೋಣಿ ಬೇಕು. ಚನ್ನರಾಯಪಟ್ಟಣ ಬಯಲುಸೀಮೆ, ಆದುದರಿಂದ ಅಲ್ಲಿ ಚಿಕ್ಕದು ಸಾಕು ಎಂದು ಹಲವರು ಭಾವಿಸುತ್ತಾರೆ. ಆದರೆ ದೋಣಿಗೆ ವರ್ಷದ ಮಳೆಯ ಮೊತ್ತ ಗೊತ್ತಾಗುವುದಿಲ್ಲ. ಆ ಹತ್ತು ನಿಮಿಷಗಳಲ್ಲಿ ಎಷ್ಟು ಬಿರುಸಾಗಿ ಸುರಿಯಿತೆಂಬುದೊಂದೇ ಅದಕ್ಕೆ ಗೊತ್ತು. ಏಪ್ರಿಲ್, ಮೇ ತಿಂಗಳುಗಳಲ್ಲಿ ಗುಡುಗು ಆಲಿಕಲ್ಲುಗಳೊಡನೆ ಬರುವ ಬಿರುಮಳೆ ಬಯಲುಸೀಮೆಯನ್ನೇನೂ ಬಿಟ್ಟಿಲ್ಲ. ಸೋನೆ ಸೂರನ್ನು ಪರೀಕ್ಷಿಸಿದರೆ, ಬಿರುಮಳೆ ದೋಣಿಯನ್ನು ಪರೀಕ್ಷಿಸುತ್ತದೆ. ನಾಲ್ಕು ತಾಲ್ಲೂಕುಗಳಲ್ಲಿಯೂ ಎರಡೂ ಪರೀಕ್ಷೆಗಳಿಗೆ ಸಿದ್ಧರಾಗಿಯೇ ಕಟ್ಟಬೇಕು.

ಲೆಕ್ಕಕ್ಕಾಗಿ ಎರಡು ಮಾಡುಸಾಲುಗಳ ಒಂದು ಮನೆಯನ್ನು ತೆಗೆದುಕೊಳ್ಳೋಣ. ಪ್ರತಿ ಸಾಲಿನ ಅಗಲ 6 ಮೀಟರ್, ಉದ್ದ 30 ಮೀಟರ್. ನಡುವಣ ತಗ್ಗಿನ ದೋಣಿಗೆ ಎರಡೂ ಕಡೆಯಿಂದ ಮೂರು ಮೂರು ಮೀಟರ್ ಅಗಲದ ನೀರು ಬರುತ್ತದೆ. ಅಳೆಯಬೇಕಾದದ್ದು ಮಾಡಿನ ಓರೆ ಅಳತೆಯನ್ನಲ್ಲ, ಅದು ನೆಲದ ಮೇಲೆ ಆವರಿಸುವ ಅಳತೆಯನ್ನು. ನೇರವಾಗಿ ಬೀಳುವ ಮಳೆ ಅಷ್ಟೇ ತಾನೆ? ಹೀಗೆ ನೀರು ಹಿಡಿಯುವ ವಿಸ್ತೀರ್ಣ 6 × 30 = 180 ಚದರ ಮೀಟರ್. ಮಳೆಯ ಬಿರುಸು ಗಂಟೆಗೆ 100 ಮಿಲಿಮೀಟರ್ ಎಂದಿಟ್ಟುಕೊಂಡರೆ, ಗಂಟೆಗೆ 18 ಘನಮೀಟರ್, ಎಂದರೆ ಸೆಕೆಂಡಿಗೆ 5 ಲೀಟರ್ ನೀರು ಬರುತ್ತದೆ.

ದೋಣಿಯ ನಡುವನ್ನು ಎತ್ತರಿಸಿ ಎರಡು ತುದಿಗಳಿಗೂ ಇಳಿಜಾರನ್ನು ಕೊಡೋಣ. ಆಗ ಪ್ರತಿ ತುದಿಗೆ ಸೆಕೆಂಡಿಗೆ 2.5 ಲೀಟರ್. ಇಳಿಜಾರು 200ಕ್ಕೆ 1 ಆದರೆ, 15 ಮೀಟರಿಗೆ 7.5 ಸೆಂಟಿಮೀಟರ್ ತಗ್ಗು ಸಾಕು. ಕಾಲುವೆಯಲ್ಲಿ ನೀರಿನ ವೇಗವನ್ನು ಲೆಕ್ಕಹಾಕಲು ಐರ್ಲೆಂಡಿನ ಇಂಜಿನಿಯರ್ ರಾಬರ್ಟ್ ಮ್ಯಾನಿಂಗ್ ಒಂದು ಸೂತ್ರವನ್ನು ಕೊಟ್ಟಿದ್ದಾನೆ. ಲಾಲ್‌ಬಾಗಿನ ಅಡಿಗಲ್ಲು ಬಿದ್ದ 1889ರಲ್ಲಿಯೇ ಅವನು ಅದನ್ನು ಮಂಡಿಸಿದ್ದು ಒಂದು ಸ್ವಾರಸ್ಯ. ಆ ಸೂತ್ರದಂತೆ, 20 ಸೆಂಟಿಮೀಟರ್ ಅಗಲದ ನುಣುಪಾದ ತಗಡಿನ ದೋಣಿಯಲ್ಲಿ ನೀರು 3 ಸೆಂಟಿಮೀಟರ್ ಆಳ ನಿಂತು ಹರಿದರೆ ಸೆಕೆಂಡಿಗೆ ಸುಮಾರು 2.9 ಲೀಟರ್ ಸಾಗುತ್ತದೆ. ಬಿರುಸು ಇಮ್ಮಡಿಯಾದರೂ ಆಳ ನಾಲ್ಕೂವರೆ ಸೆಂಟಿಮೀಟರನ್ನು ಮೀರುವುದಿಲ್ಲ. ಆಳ ಹೆಚ್ಚಿದಂತೆ ವೇಗವೂ ಹೆಚ್ಚುವುದೇ ಇದಕ್ಕೆ ಕಾರಣ.

ಹಾಗಾದರೆ 5 ಸೆಂಟಿಮೀಟರ್ ಆಳದ ದೋಣಿ ಸಾಕಲ್ಲವೇ? ಸಾಲದು. ಸೂತ್ರವು ಸಮನಾಗಿ ಹರಿಯುವ ಕಾಲುವೆಗೆ ಹೊಂದುವಂಥದು. ನಮ್ಮ ದೋಣಿಗೋ ಉದ್ದಕ್ಕೂ ಪಕ್ಕದಿಂದ ಹೊಸ ನೀರು ಬೀಳುತ್ತಿರುತ್ತದೆ. ಆ ನೀರಿಗೆ ಮುಂದಕ್ಕೆ ಸಾಗುವ ವೇಗವಿಲ್ಲ. ಅದನ್ನು ತಳ್ಳಿಕೊಂಡು ಹೋಗುವ ಹೊರೆ ಹರಿಯುವ ನೀರಿನ ಮೇಲೆ ಬಿದ್ದು ಮಟ್ಟ ಏರುತ್ತದೆ. ತರಗೆಲೆ, ಧೂಳು, ಆಲಿಕಲ್ಲುಗಳ ಅಡ್ಡಿ ಬೇರೆ. ಆದುದರಿಂದ 12 ಸೆಂಟಿಮೀಟರ್ ಆಳವಿಡುವುದು ವಿವೇಕ.

ಇಳಿಗೊಳವೆಯ ಕತ್ತು

ದೋಣಿ ಎಷ್ಟೇ ದೊಡ್ಡದಾಗಿರಲಿ, ನೀರು ಇಳಿಯುವ ಬಾಯಿ ಕಿರಿದಾದರೆ ಎಲ್ಲವೂ ವ್ಯರ್ಥ. ಬಾಯಿಯ ಮೂಲಕ ನೀರು ಇಳಿಯುವ ವೇಗ ಅದರ ಮೇಲೆ ನಿಂತಿರುವ ನೀರಿನ ಎತ್ತರದ ವರ್ಗಮೂಲವನ್ನು ಅನುಸರಿಸುತ್ತದೆಂದು ಟಾರಿಚೆಲ್ಲಿ ತೋರಿಸಿದನು. ಸೆಕೆಂಡಿಗೆ 2.5 ಲೀಟರ್ ಇಳಿಯಬೇಕಾದರೆ, 10 ಸೆಂಟಿಮೀಟರ್ ವ್ಯಾಸದ ಬಾಯಿಯ ಮೇಲೆ ಸುಮಾರು 3 ಸೆಂಟಿಮೀಟರ್ ನೀರು ನಿಂತರೆ ಸಾಕು. ವ್ಯಾಸ 7.5 ಆದರೆ ನಾಲ್ಕೂವರೆ ಬೇಕು. ವ್ಯಾಸವನ್ನು 5 ಸೆಂಟಿಮೀಟರಿಗೆ ಇಳಿಸಿದರೆ ಬೇಕಾಗುವ ಎತ್ತರ ಸುಮಾರು 23 ಸೆಂಟಿಮೀಟರ್! ನಮ್ಮ ದೋಣಿಯ ಆಳವೇ 12. ಉಳಿದ ನೀರು ದಂಡೆಯನ್ನು ಮೀರಿ ಒಳಗಿನ ಬೆಳೆಯ ಮೇಲೆಯೇ ಸುರಿಯುತ್ತದೆ. ಕೊಳವೆಯಲ್ಲಿ ಉಳಿಸಿದ ಕೆಲವು ರೂಪಾಯಿಗಳಿಗೆ ತೆರುವ ಬೆಲೆ ಇದು.

ಹೊರಸೂರಿನ ದೋಣಿ ಉಕ್ಕಿದರೆ ನೀರು ಅಂಗಳಕ್ಕೆ ಬೀಳುತ್ತದೆ. ನಡುವಣ ದೋಣಿ ಉಕ್ಕಿದರೆ ಹೋಗಲು ಬೇರೆ ಎಡೆಯೇ ಇಲ್ಲ. ಆದಕಾರಣ ಅದರ ಎರಡು ತುದಿಗಳ ಗೋಡೆಯಲ್ಲಿಯೂ, ದಂಡೆಗಿಂತ ಮೂರು ನಾಲ್ಕು ಸೆಂಟಿಮೀಟರ್ ಕೆಳಗೆ, ಮನೆಯ ಹೊರಕ್ಕೆ ತೆರೆಯುವ ಒಂದು ಉಕ್ಕುಬಾಯಿಯನ್ನು ಬಿಡಲೇಬೇಕು. ಕೊಳವೆಗೆ ಕಸ ಕಟ್ಟಿದ ದಿನ ಬೆಳೆಯನ್ನುಳಿಸುವುದು ಅದೇ.

ಒಳಗೆ ಸುರಿಯುವ ಮಳೆ

ಪ್ಯಾಕ್ಸ್‌ಟನ್ನನ ಪಕ್ಕದ ಗಾಡಿಗಳು ನಮಗೇಕೆ ಬೇಕು? ಹಾಸನದ ಮಾಗಿಯ ರಾತ್ರಿಗಳಲ್ಲಿ ಗಾಜು ತಣ್ಣಗಾಗುತ್ತದೆ. ಒಳಗಿನ ಗಾಳಿಯಾದರೋ ಗಿಡಗಳ ಉಸಿರಿನಿಂದ ತೇವವಾಗಿರುತ್ತದೆ. ಗಾಜಿನ ಒಳಮೈಯಲ್ಲಿ ಹನಿ ಕಟ್ಟುತ್ತದೆ. ಇಳಿಜಾರು ಸಾಕಷ್ಟಿದ್ದರೆ ಹನಿ ಗಾಜಿನುದ್ದಕ್ಕೂ ಜಾರಿ ಕೆಳಗಿನ ಗಾಡಿಯನ್ನು ಸೇರುತ್ತದೆ. ಇಲ್ಲದಿದ್ದರೆ ಎಲೆಗಳ ಮೇಲೆ ತೊಟ್ಟಿಕ್ಕುತ್ತದೆ. ಹಾಸನದ ಆಲೂಗೆಡ್ಡೆ ಬೆಳೆಗಾರರಿಗೆ ಅಂಗಮಾರಿ ರೋಗದ ಪರಿಚಯವನ್ನು ನಾವು ಮಾಡಿಕೊಡಬೇಕಾಗಿಲ್ಲ. ಟೊಮ್ಯಾಟೊ ಗಿಡವನ್ನೂ ಬಿಡದ ಆ ರೋಗದ ಬೀಜಕಣಗಳು ಮೊಳೆಯಲು ಎಲೆಯ ಮೇಲೆ ನಿಂತ ನೀರೇ ಬೇಕು. ಎಲೆಗಳನ್ನು ಒಣಗಿಸಿಡುವ ಎರಡು ಬೆರಳಗಲದ ಗಾಡಿಯೊಂದು ಔಷಧಿ ಸಿಂಪಡಿಸುವ ಖರ್ಚನ್ನು ಎಷ್ಟೋ ತಗ್ಗಿಸಬಲ್ಲದು.

ಹಿಗ್ಗು, ಭಾರ, ನೆರಳು

ಮುಂಜಾನೆಗೂ ಮಧ್ಯಾಹ್ನಕ್ಕೂ ತಗಡಿನ ಉಷ್ಣತೆ 30 ಡಿಗ್ರಿ ವ್ಯತ್ಯಾಸವಾದರೆ, 30 ಮೀಟರ್ ಉದ್ದದ ಉಕ್ಕಿನ ದೋಣಿ ಸುಮಾರು 11 ಮಿಲಿಮೀಟರ್ ಹಿಗ್ಗುತ್ತದೆ. ಅಲ್ಯೂಮಿನಿಯಮಿನದಾದರೆ ಸುಮಾರು 21. ಎರಡು ತುದಿಗಳನ್ನೂ ಬಿಗಿದರೆ ನಡುವೆ ಎಲ್ಲಿಯಾದರೂ ಬೆಸುಗೆ ಬಿಡುತ್ತದೆ. ಆದುದರಿಂದ ದೋಣಿಯನ್ನು ಎರಡು ತುಂಡುಗಳಾಗಿ ಮಾಡಿ, ನಡುವಣ ಎತ್ತರದ ಬಿಂದುವಿನಲ್ಲಿ ಸಂದು ಬಿಟ್ಟು, ಮೇಲೊಂದು ಮುಚ್ಚಳವನ್ನು ಹೊದಿಸಬೇಕು. ನೀರು ಅಲ್ಲಿಂದ ಎರಡು ಕಡೆಗೂ ಹರಿದುಹೋಗುವುದರಿಂದ, ಇಡೀ ದೋಣಿಯಲ್ಲಿ ಸಂದಿಗೆ ಅದಕ್ಕಿಂತ ನಿರಪಾಯವಾದ ಸ್ಥಳವಿಲ್ಲ.

ದಂಡೆಯವರೆಗೆ ತುಂಬಿದ ಈ ದೋಣಿಯಲ್ಲಿರುವ ನೀರಿನ ತೂಕ 720 ಕಿಲೋಗ್ರಾಂ. ಕಸ ತೆಗೆಯಲು ಅದರ ಮೇಲೆ ನಡೆಯುವ ಆಳಿನ ತೂಕವನ್ನೂ ಕೂಡಿಸಿಯೇ ಕಂಬಗಳನ್ನು ಲೆಕ್ಕಹಾಕಬೇಕು. ದೋಣಿ ಅನಗತ್ಯವಾಗಿ ಅಗಲವಾದರೆ ನೆರಳೂ ಹೆಚ್ಚು. ದೋಣಿಯನ್ನು ಉತ್ತರದಿಂದ ದಕ್ಷಿಣಕ್ಕೆ ಹಾಯಿಸಿದರೆ, ಅದರ ನೆರಳು ದಿನವಿಡೀ ಒಂದೇ ಸಾಲಿನ ಮೇಲೆ ನಿಲ್ಲದೆ ಸರಿಯುತ್ತ ಹೋಗುತ್ತದೆ.

ಕೂಡಿಟ್ಟ ನೀರು

ದೋಣಿಯ ಅಳತೆಗೆ ಬೇಕಿಲ್ಲದ ವರ್ಷದ ಮೊತ್ತ ತೊಟ್ಟಿಯ ಲೆಕ್ಕಕ್ಕೆ ಬೇಕು. ನಮ್ಮ ಮನೆಯ ಇಡೀ ಚಾವಣಿ 360 ಚದರ ಮೀಟರ್. ಒಂದು ಮಿಲಿಮೀಟರ್ ಮಳೆಗೆ 360 ಲೀಟರ್. ವರ್ಷಕ್ಕೆ 700 ಮಿಲಿಮೀಟರ್ ಮಳೆಯೆಂದೇ ಇಟ್ಟುಕೊಂಡರೂ 2,52,000 ಲೀಟರ್. ಕೊಳೆಯನ್ನು ತೊಳೆದುಬರುವ ಮೊದಲ ನೀರಿಗಾಗಿ ಹತ್ತನೆಯ ಒಂದು ಪಾಲನ್ನು ಬಿಟ್ಟರೆ, ಉಳಿಯುವುದು ಸುಮಾರು 2,27,000 ಲೀಟರ್. ಬೆಳೆಗೆ ಚದರ ಮೀಟರಿಗೆ ದಿನಕ್ಕೆ 3 ಲೀಟರಿನಂತೆ ಹನಿ ನೀರಾವರಿ ಮಾಡಿದರೆ, ಇದು 210 ದಿನಗಳಿಗೆ ಸಾಕಾಗುತ್ತದೆ. ಮಳೆ ಹಲವು ತಿಂಗಳುಗಳಲ್ಲಿ ಹಂಚಿ ಬರುವುದರಿಂದ, ಅಷ್ಟೂ ನೀರನ್ನು ಒಮ್ಮೆಗೇ ಹಿಡಿಯುವ ತೊಟ್ಟಿಯೇನೂ ಬೇಕಿಲ್ಲ. ಕೊಳವೆಬಾವಿಯ ಗಡಸು ನೀರಿನಂತೆ ಇದು ಹನಿಗೊಳವೆಗಳಲ್ಲಿ ಉಪ್ಪು ಕಟ್ಟುವುದಿಲ್ಲವೆಂಬುದು ಇನ್ನೊಂದು ಲಾಭ.

ಹೇಮಾವತಿಯ ನಾಲೆ ತಲುಪದ, ಕೊಳವೆಬಾವಿಯನ್ನೇ ನಂಬಿರುವ ಬಯಲಿನ ರೈತನಿಗೆ ಈ ಲೆಕ್ಕ ಸಣ್ಣದಲ್ಲ. ಹಸಿರುಮನೆಯನ್ನು ಕಟ್ಟಿಸುವವರು ಗುತ್ತಿಗೆದಾರನಲ್ಲಿ ಗಾಜಿನ ಅಥವಾ ಹಾಳೆಯ ದಪ್ಪವನ್ನು ವಿಚಾರಿಸುವುದು ಸಹಜ. ಅದರೊಡನೆ ಈ ನಾಲ್ಕು ಪ್ರಶ್ನೆಗಳನ್ನೂ ಕೇಳಲಿ: ಸೂರಿನ ಅಂಚು ಕೆಳಕ್ಕೆ ಬಾಗಿದೆಯೇ? ಇಳಿಗೊಳವೆಯ ವ್ಯಾಸವೆಷ್ಟು? ಉಕ್ಕುಬಾಯಿ ಎಲ್ಲಿದೆ? ಒಳಗಿನ ಹನಿಗೆ ಗಾಡಿಯುಂಟೇ? ಇವಕ್ಕೆ ತೃಪ್ತಿಕರವಾದ ಉತ್ತರ ದೊರೆಯುವವರೆಗೆ ಮುಂಗಡ ಹಣವನ್ನು ಕೊಡದಿರುವುದು ಲೇಸು.