ಗುಳೆ ಹೋದವನು ಪಂಚಾಯಿತಿಗೆ ಬಂದ ಮೇಲೆ

ಆಳಂದ, ಅಫಜಲಪುರ, ಜೇವರ್ಗಿ ಕಡೆ ತೊಗರಿ ರಾಶಿ ಮುಗಿದದ್ದೇ ಎಷ್ಟೋ ಮನೆಗಳಿಗೆ ಬೀಗ ಬೀಳುತ್ತದೆ. ನಾನೂ ಹಾಗೆ ಪುಣೆಗೆ ದುಡಿಯಲು ಹೋದವನು. ಅಲ್ಲಿ ನಮ್ಮವರ ಸಂಘಟನೆಗೆ ಓಡಾಡಿದೆ, ಆಮೇಲೆ ಊರಿನ ಪಂಚಾಯಿತಿಗೆ ನಿಂತೆ. ಕಲಿತದ್ದೆಲ್ಲ ತಪ್ಪಿದ ಮೇಲೆಯೇ.

1. ಭಾಷಣಕ್ಕಿಂತ ಮೊದಲು ಪಗಾರದ ಲೆಕ್ಕ

ಮುಂಜಾನೆ ನಾಕಾದಲ್ಲಿ ಬುತ್ತಿಗಂಟು ಹಿಡಿದು ನಿಂತವರಿಗೆ 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ವಿವರಿಸುತ್ತಿದ್ದೆ. ಅಫಜಲಪುರದ ಒಬ್ಬ ಅವ್ವ, "ತಮ್ಮಾ, ಕಾಯ್ದೆ ಇರಲಿ. ಮೂರು ವಾರದ ಪಗಾರ ಬಂದಿಲ್ಲ, ಅದನ್ನ ಕೇಳ್ತೀಯೇನು?" ಎಂದಳು. ಕೇಳಲು ಹೋದರೆ ಆಕೆ ದುಡಿದ ದಿನಗಳನ್ನು ಯಾರೂ ಬರೆದಿಟ್ಟಿರಲಿಲ್ಲ. ಆ ಹಣ ಬರಲೇ ಇಲ್ಲ. ಅಂದಿನಿಂದ ಹಾಜರಿ ಬರೆಸುವುದೇ ನನ್ನ ಮೊದಲ ಕೆಲಸವಾಯಿತು.

2. ಒಬ್ಬರ ದಾರಿ ಎಲ್ಲರ ದಾರಿಯಲ್ಲ

ನಮ್ಮ ಜಿಲ್ಲೆಯ ಕಮಲಾಪುರದ ವೈದ್ಯ ನೀರಜ್ ಪಾಟೀಲ್ 2010ರಲ್ಲಿ ಲಂಡನ್ನಿನ ಲ್ಯಾಂಬೆತ್‌ಗೆ ಮೇಯರ್ ಆದರು. ಬ್ರಿಟನ್ನಿನಲ್ಲಿ ನೆಲೆಸಿದ ಭಾರತೀಯ ಪ್ರಜೆಗೂ ಅಲ್ಲಿ ಮತವಿದೆ. ಅದನ್ನೇ ಹೇಳಿ, ನಾವೂ ಪುಣೆಯ ಮತದಾರರ ಪಟ್ಟಿಯಲ್ಲಿ ಹೆಸರು ಬರೆಸೋಣ ಎಂದು ಹುರಿದುಂಬಿಸಿದೆ. ವರ್ಷಕ್ಕೆ ಮೂರು ಸೈಟು ಬದಲಿಸುವವರಿಗೆ ವಿಳಾಸ ಎಲ್ಲಿಂದ ಬರಬೇಕು? ನನ್ನ ಮಾತು ನಂಬಿ ಊರಿನ ಪಟ್ಟಿಯಿಂದ ಹೆಸರು ತೆಗೆಸಿದ ಗೆಳೆಯನಿಗೆ ಎರಡೂ ಕಡೆ ಮತ ಇಲ್ಲದಾಯಿತು. ಆ ತಪ್ಪು ಇಂದಿಗೂ ಚುಚ್ಚುತ್ತದೆ.

3. ಊರಲ್ಲಿ ಇರುವವರ ಮನೆಗೂ ಹೋಗಬೇಕು

2015ರ ಚುನಾವಣೆ ಬಂದದ್ದು ಮಿರ್ಗ ಮಳೆಗೆ ಮೊದಲು. ನನ್ನನ್ನು ಬಲ್ಲವರೆಲ್ಲ ಇನ್ನೂ ಪುಣೆಯಲ್ಲಿದ್ದರು. ಊರಲ್ಲಿ ಉಳಿದ ಮುದುಕರ ಕಟ್ಟೆಗೆ ನಾನು ಒಮ್ಮೆಯೂ ಹೋಗಿ ಕೂತವನಲ್ಲ. ಸೋತೆ. 2020ರ ಡಿಸೆಂಬರ್‌ನಲ್ಲಿ ಗೆದ್ದೆ. ಕೊರೊನಾಕ್ಕೆ ಮರಳಿದ ಎಷ್ಟೋ ಮಂದಿ ಆಗ ಊರಲ್ಲೇ ಇದ್ದರು.

4. ರಸೀದಿ ಇಲ್ಲದ ಅರ್ಜಿ ಬರೀ ಕಾಗದ

ಆಗಿನ ಉದ್ಯೋಗ ಖಾತ್ರಿ ಕಾಯ್ದೆಯಂತೆ ಅರ್ಜಿ ಕೊಟ್ಟ 15 ದಿನದೊಳಗೆ ಕೆಲಸ ಕೊಡಬೇಕಿತ್ತು, ಇಲ್ಲದಿದ್ದರೆ ನಿರುದ್ಯೋಗ ಭತ್ಯೆ. ದಿನ ಎಣಿಸುತ್ತಿದ್ದುದು ರಸೀದಿಯ ತಾರೀಖಿನಿಂದ. ನಾನು ಊರಿನ ಮಂದಿಯ ಅರ್ಜಿಗಳನ್ನು ಕೊಟ್ಟು ರಸೀದಿ ಪಡೆಯದೆ ಬಂದಿದ್ದೆ. ಕೆಲಸ ಸಿಗಲಿಲ್ಲ, ಭತ್ಯೆ ಕೇಳಲು ಆಧಾರವೂ ಉಳಿಯಲಿಲ್ಲ. ಮಂದಿ ಮತ್ತೆ ಗುಳೆಗೆ ಕ್ರೂಸರ್ ಗಾಡಿ ಹತ್ತಿದರು. ಒಬ್ಬ ಹುಡುಗಿ ಪಾಟಿಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

5. ಸಭೆಯ ದಿನವನ್ನು ಅವರನ್ನೇ ಕೇಳಿ

ಬೇಸಿಗೆಯ ಗ್ರಾಮಸಭೆಯಲ್ಲಿ ಗುಳೆ ಹೋದವರ ಬಗ್ಗೆ ಗಟ್ಟಿಯಾಗಿ ಮಾತಾಡಿದೆ. ಎದುರಿಗೆ ಅವರಲ್ಲಿ ಒಬ್ಬರೂ ಇರಲಿಲ್ಲ. ಫೋನು ಮಾಡಿ ಕೇಳಿದರೆ, "ಪಂಚಮಿಗೆ ಬರ್ತೀವಲ್ಲ, ಆಗ ಇಡ್ರಿ" ಎಂದರು. ನಾಗರ ಪಂಚಮಿಯ ಮರುದಿನ ಸಭೆ ಇಟ್ಟೆವು. ನಡಾವಳಿ ಪುಸ್ತಕದಲ್ಲಿ ಅವರ ಸಹಿ, ಹೆಬ್ಬೆಟ್ಟು ಬಿದ್ದವು. ಅವತ್ತು ನಾನು ಮಾತಾಡಲಿಲ್ಲ, ಅವರು ಹೇಳಿದ್ದನ್ನು ಬರೆದುಕೊಂಡೆ.