ಕಿಡ್ನಿ ತೊಂದರೆ ಇದ್ದವರಿಗೆ ಹಿತ್ತಲ ತರಕಾರಿ: ಏನು ಬೆಳೆಯೋದು, ಹೇಗೆ ಬೇಯಿಸೋದು

ಶುಗರ್, ಬಿಪಿ ಬಹಳ ವರ್ಷದಿಂದ ಇರುವ ಮನೆಗಳಲ್ಲಿ ಒಂದು ದಿನ ಡಾಕ್ಟರ್ ರಿಪೋರ್ಟ್ ನೋಡಿ ಹೇಳ್ತಾರೆ: ಕ್ರಿಯಾಟಿನಿನ್ ಏರಿದೆ, ಪೊಟ್ಯಾಸಿಯಂ ಕೂಡ ಮೇಲಿದೆ, ಸೊಪ್ಪು, ಎಳನೀರು, ಬಾಳೆಹಣ್ಣು ಕಡಿಮೆ ಮಾಡಿ, ಉಪ್ಪು ಇಳಿಸಿ. ರೈತರ ಮನೆಗೆ ಇದು ಸಣ್ಣ ಮಾತಲ್ಲ. ಹಿತ್ತಲಲ್ಲಿ ದಂಟು, ಹರಿವೆ, ನುಗ್ಗೆ; ತೋಟದಲ್ಲಿ ತೆಂಗು, ಬಾಳೆ. ದಿನಾ ಊಟಕ್ಕೆ ಬರೋದೇ ಇವು. ನಲವತ್ತು ವರ್ಷ ಇದನ್ನೇ ಬೆಳೆದು ತಿಂದವರಿಗೆ "ನಿಮ್ಮ ಹಿತ್ತಲ ಸೊಪ್ಪು ನಿಮಗೇ ಆಗಲ್ಲ" ಅಂದರೆ ಅರ್ಧ ಜೀವ ಹೋದ ಹಾಗೆ.

ಇದರ ಜೊತೆಗೆ ಒಂದು ತಪ್ಪು ನಂಬಿಕೆಯೂ ಇದೆ. "ನಮ್ಮದು ಸಾವಯವ, ಔಷಧಿ ಹೊಡೆದಿಲ್ಲ, ತಿಂದರೆ ಏನೂ ಆಗಲ್ಲ" ಅಂತಾರೆ. ನಾನೂ ಸಾವಯವ ಬೆಳೆಗಾರನೇ, ಅದಕ್ಕೇ ನೇರವಾಗಿ ಹೇಳ್ತೀನಿ. ಸಾವಯವ ಅಂದರೆ ಪೊಟ್ಯಾಸಿಯಂ ಕಡಿಮೆ ಅಂತ ಅರ್ಥ ಅಲ್ಲ. ಗೊಬ್ಬರ, ಬೂದಿ ಹಾಕಿ ಚೆನ್ನಾಗಿ ಬೆಳೆದ ಸೊಪ್ಪಿನಲ್ಲೂ ಅದು ತುಂಬಿಕೊಂಡೇ ಇರುತ್ತದೆ. ಆರೋಗ್ಯವಂತರಿಗೆ ಅದು ಒಳ್ಳೆಯದೇ, ದಿನಕ್ಕೆ ಕನಿಷ್ಠ 3510 ಮಿಲಿಗ್ರಾಂ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಆದರೆ ಸೋತ ಕಿಡ್ನಿ ಹೆಚ್ಚಿನದನ್ನು ಹೊರಗೆ ಹಾಕಲಾರದು. ರಕ್ತದಲ್ಲಿ ಪೊಟ್ಯಾಸಿಯಂ ತೀರಾ ಏರಿದರೆ ಹೃದಯದ ಬಡಿತವೇ ತಪ್ಪುತ್ತದೆ. ಎಷ್ಟೋ ಸಲ ಅದಕ್ಕೆ ಮುಂಚೆ ಯಾವ ಸೂಚನೆಯೂ ಇರೋದಿಲ್ಲ.

ಹಾಗಂತ ಹಿತ್ತಲಿಗೆ ಬೀಗ ಹಾಕಬೇಕಾಗಿಲ್ಲ. ಯಾವ ಗಿಡ, ಎಷ್ಟು, ಹೇಗೆ ಬೇಯಿಸಬೇಕು ಅಂತ ತಿಳಿದರೆ ಮನೆಮಂದಿಯೆಲ್ಲ ಒಟ್ಟಿಗೆ ಕೂತು ಉಣ್ಣಬಹುದು. ಈ ವಾರದ ಪಾಠ ಅದೇ.

1. ಮೊದಲು ರಿಪೋರ್ಟ್ ನೋಡಿ

ಕಿಡ್ನಿ ತೊಂದರೆ ಇದ್ದವರೆಲ್ಲರಿಗೂ ಪೊಟ್ಯಾಸಿಯಂ ಕಡಿಮೆ ಮಾಡಬೇಕು ಅಂತೇನಿಲ್ಲ. ಕೆಲವರಿಗೆ ಮೂತ್ರ ಹೆಚ್ಚಿಸುವ ಮಾತ್ರೆಯಿಂದ ಅದು ಇಳಿದಿರುತ್ತದೆ. ಅಂಥವರು ಪಥ್ಯ ಮಾಡಿದರೆ ಅದೂ ಅಪಾಯ. ರಕ್ತದ ರಿಪೋರ್ಟಿನಲ್ಲಿ ಸೀರಂ ಪೊಟ್ಯಾಸಿಯಂ ಅನ್ನೋ ಸಾಲು ಹುಡುಕಿ. ಸಾಮಾನ್ಯ ಮಟ್ಟ 3.5ರಿಂದ 5.0. ಅದಕ್ಕಿಂತ ಮೇಲಿದ್ದರೆ ಡಾಕ್ಟರ್ ಮಿತಿ ಹೇಳ್ತಾರೆ, ಸಾಮಾನ್ಯವಾಗಿ ದಿನಕ್ಕೆ 2000ರಿಂದ 3000 ಮಿಲಿಗ್ರಾಂ ನಡುವೆ. ಡಯಾಲಿಸಿಸ್ ಶುರುವಾಗಿದ್ದರೆ ಬೇಳೆ, ಮೊಟ್ಟೆಯ ಲೆಕ್ಕವೂ ಬದಲಾಗುತ್ತದೆ. ಎಷ್ಟು ತಿನ್ನಬೇಕು ಅನ್ನೋದನ್ನ ಡಾಕ್ಟರ್, ಆಹಾರ ತಜ್ಞರು ಹೇಳಲಿ. ಅಷ್ಟರೊಳಗೆ ರುಚಿಯಾಗಿ ಹೇಗೆ ಮಾಡೋದು ಅನ್ನೋದು ನಮ್ಮ ಕೆಲಸ.

2. ಪೊಟ್ಯಾಸಿಯಂ ನೀರಿಗೆ ಇಳಿಯೋದು ಯಾಕೆ

ಎನ್‌ಪಿಕೆ ಗೊಬ್ಬರದ ಚೀಲ ನೋಡಿದ್ದೀರಲ್ಲ, ಅದರಲ್ಲಿ "ಕೆ" ಅಂದರೆ ಇದೇ. ಸಾರಜನಕ ಗಿಡದ ಒಳಗೆ ಹೋಗಿ ಪ್ರೋಟೀನ್ ಆಗುತ್ತದೆ. ಪೊಟ್ಯಾಸಿಯಂ ಹಾಗಲ್ಲ, ಅದು ಯಾವುದಕ್ಕೂ ಅಂಟಿಕೊಳ್ಳದೆ ಜೀವಕೋಶದ ರಸದಲ್ಲಿ ಕರಗಿಕೊಂಡೇ ಇರುತ್ತದೆ. ಕೊಯ್ದ ಹುಲ್ಲು ಮಳೆಯಲ್ಲಿ ನೆನೆದರೆ ಅದರ ಪೊಟ್ಯಾಷ್ ಮಣ್ಣಿಗೆ ಇಳಿಯೋದು ಇದೇ ಕಾರಣಕ್ಕೆ. ಬೂದಿಗೆ ನೀರು ಹಾಕಿದರೆ ಪೊಟ್ಯಾಷ್ ನೀರಿಗೆ ಬರೋದೂ ಅದು ಕರಗುವ ವಸ್ತು ಆದ್ದರಿಂದಲೇ.

ಅಡುಗೆಮನೆಗೂ ಇದೇ ಲೆಕ್ಕ. ಕಾಯಿಸಿದಾಗ ಜೀವಕೋಶದ ಪೊರೆ ಒಡೆಯುತ್ತದೆ, ಒಳಗಿನ ರಸ ನೀರಿಗೆ ಬರುತ್ತದೆ. ಇದರಿಂದ ನಾಲ್ಕು ನಿಯಮ ಸಿಗುತ್ತವೆ:

- ಸಣ್ಣಗೆ ಹೆಚ್ಚಿ. ಆಲೂಗಡ್ಡೆಯನ್ನು ಹೋಳು ಮಾಡಿ ಕುದಿಸಿದರೆ ಸುಮಾರು ಅರ್ಧದಷ್ಟು, ತುರಿದು ಕುದಿಸಿದರೆ ಸುಮಾರು ಮುಕ್ಕಾಲು ಪಾಲು ಪೊಟ್ಯಾಸಿಯಂ ನೀರಿಗೆ ಹೋಗುತ್ತದೆ.
- ಧಾರಾಳ ನೀರು ಇಡಿ. ತರಕಾರಿಯ ನಾಲ್ಕೈದು ಪಟ್ಟು ಇರಲಿ.
- ಕುದಿಸಿ. ಬರೀ ತಣ್ಣೀರಲ್ಲಿ ನೆನೆಸಿಟ್ಟರೆ ಪೊರೆ ಒಡೆಯೋದಿಲ್ಲ, ಹೆಚ್ಚು ಪ್ರಯೋಜನ ಇಲ್ಲ.
- ಆ ನೀರನ್ನು ಬಸಿದುಬಿಡಿ. ಹಬೆಯಲ್ಲಿ ಬೇಯಿಸಿದರೆ, ಕುಕ್ಕರಿನಲ್ಲಿ ಅರ್ಧ ಲೋಟ ನೀರು ಹಾಕಿ ಕೂಗಿಸಿದರೆ ಎಲ್ಲವೂ ತರಕಾರಿಯಲ್ಲೇ ಉಳಿಯುತ್ತದೆ.

"ಹಾಗಾದರೆ ಗಿಡಕ್ಕೆ ಪೊಟ್ಯಾಷ್ ಹಾಕದೇ ಬೆಳೆದರೆ ಆಯ್ತಲ್ಲ?" ಅಂತ ಕೇಳುವವರಿದ್ದಾರೆ. ಬೇಡ. ಹಿತ್ತಲ ಮಣ್ಣಿನಲ್ಲಿ ಅದು ಕೈಗೆ ಸಿಗುವ ಲೆಕ್ಕ ಅಲ್ಲ. ಎಲೆಯ ಅಂಚು ಸುಡುತ್ತದೆ, ಕಾಯಿ ಕುಗ್ಗುತ್ತದೆ, ರೋಗ ಹೆಚ್ಚುತ್ತದೆ. ಪೊಟ್ಯಾಸಿಯಂ ಇಳಿಸೋ ಕೆಲಸ ಪಾತ್ರೆಯಲ್ಲಿ ಆಗಲಿ, ಪಾತಿಯಲ್ಲಿ ಬೇಡ.

3. ಹಿತ್ತಲಲ್ಲಿ ಏನಿರಲಿ

ನೂರು ಗ್ರಾಂ ಹಸಿ ತರಕಾರಿಯಲ್ಲಿ ಎಷ್ಟಿರುತ್ತದೆ ಅನ್ನೋ ಅಂದಾಜು ಇಲ್ಲಿದೆ. ತಳಿ, ಮಣ್ಣಿನ ಮೇಲೆ ಹೆಚ್ಚು ಕಡಿಮೆ ಆಗುತ್ತದೆ, ಹೋಲಿಕೆಗೆ ಇಟ್ಟುಕೊಳ್ಳಿ.

- ಕಡಿಮೆ: ಸೀಮೆಬದನೆ 125, ಹೀರೆಕಾಯಿ 140, ಸೋರೆಕಾಯಿ 150, ಸೌತೆಕಾಯಿ 150, ಎಲೆಕೋಸು 170 ಮಿಲಿಗ್ರಾಂ
- ನಡುವೆ: ಬೀನ್ಸ್ 210, ಬದನೆ 230, ಮೂಲಂಗಿ 230, ಟೊಮೆಟೊ 235, ಬೆಂಡೆ 300
- ಹೆಚ್ಚು: ಆಲೂಗಡ್ಡೆ 420, ನುಗ್ಗೆಕಾಯಿ 460, ಪಾಲಕ್ 550, ಕೆಸುವಿನ ಗೆಡ್ಡೆ 590, ಹರಿವೆ 600

ನೋಡಿ, ನಮ್ಮ ಬಳ್ಳಿ ತರಕಾರಿಗಳೇ ಇಲ್ಲಿ ಕೈ ಹಿಡಿಯೋದು. ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದದ ಒಂದು ಚಪ್ಪರ ಹಾಕಿ. ಒಂದು ಕಡೆ ಎರಡು ಗುಂಡಿ ಸೋರೆ, ಇನ್ನೊಂದು ಕಡೆ ನಾಲ್ಕು ಗುಂಡಿ ಹೀರೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಬಹಾರ್ ಸೋರೆ, ಅರ್ಕಾ ಸುಮೀತ್ ಅಥವಾ ಅರ್ಕಾ ಸುಜಾತ್ ಹೀರೆ ನಮ್ಮ ಕಡೆ ಚೆನ್ನಾಗಿ ಬರುತ್ತವೆ. ಹೀರೆಯನ್ನು ಒಂದೇ ಸಲ ಹಾಕಬೇಡಿ. ಎರಡು ಗುಂಡಿ ಈಗ, ಇನ್ನೆರಡು ತಿಂಗಳು ಬಿಟ್ಟು. ಬಿತ್ತಿದ ಸುಮಾರು 50 ದಿನಕ್ಕೆ ಕೊಯ್ಲು ಶುರುವಾಗುತ್ತದೆ, ಹೀಗೆ ಮಾಡಿದರೆ ಕಾಯಿ ನಡುವೆ ಕಡಿಯೋದಿಲ್ಲ. ಹಣ್ಣುನೊಣಕ್ಕೆ ಹೂ ಬಿಡುವ ಹೊತ್ತಿಗೇ ಒಂದು ಕ್ಯೂ ಲ್ಯೂರ್ ಮೋಹಕ ಬಲೆ ಕಟ್ಟಿ. ತಂಪು ಹವೆ ಇರುವ ಕಡೆ ಮೊಳಕೆ ಬಂದ ಒಂದು ಸೀಮೆಬದನೆಯನ್ನು ಇಡಿಯಾಗಿ ನೆಟ್ಟರೆ ಸಾಕು, ಮನೆಗಾಗಿ ಉಳಿಯುವಷ್ಟು ಬಿಡುತ್ತದೆ.

ಕಾಯಿಗಳನ್ನು ಎಳೆಯದಿರುವಾಗಲೇ ಕೊಯ್ಯಿರಿ. ಹೆಚ್ಚುವ ಮುಂಚೆ ಸೋರೆ, ಹೀರೆ, ಸೌತೆಯ ಸಣ್ಣ ತುಂಡನ್ನು ನಾಲಿಗೆಗೆ ತಾಗಿಸಿ ನೋಡಿ. ಕಹಿ ಇದ್ದರೆ ಇಡೀ ಕಾಯಿ ಎಸೆಯಿರಿ. ಕಹಿ ಸೋರೆಯ ವಿಷ ಬೇಯಿಸಿದರೂ ಹೋಗೋದಿಲ್ಲ.

4. ಬಸ್ಸಾರು: ಒಂದೇ ಪಾತ್ರೆ, ಎರಡು ಊಟ

ನಮ್ಮ ಹಳೇ ಮೈಸೂರಿನ ಕಡೆಯವರಿಗೆ ಬಸಿಯೋದು ಹೊಸದೇನಲ್ಲ. ಬಸ್ಸಾರು ಅಂದರೆ ಅದೇ ತಾನೆ? ಸೊಪ್ಪು, ಬೇಳೆ ಬೇಯಿಸಿ ಬಸಿದು, ಕಟ್ಟಿನಲ್ಲಿ ಸಾರು, ಉಳಿದದ್ದರಲ್ಲಿ ಪಲ್ಯ. ಪೊಟ್ಯಾಸಿಯಂ ಕಟ್ಟಿಗೆ ಇಳಿದಿರುತ್ತದೆ. ಹಾಗಾಗಿ ಸಾರು ಉಳಿದವರಿಗೆ, ಪಲ್ಯ ಪಥ್ಯದವರಿಗೂ. ಸೊಪ್ಪಿನ ಸತ್ವವೂ ಮನೆಯಲ್ಲೇ ಉಳಿಯಿತು, ಬೇರೆ ಅಡುಗೆ ಮಾಡುವ ಕಷ್ಟವೂ ತಪ್ಪಿತು.

ಮಾಡುವ ಕ್ರಮ:

- ಅರ್ಧ ಲೋಟ ತೊಗರಿಬೇಳೆಯನ್ನು ಧಾರಾಳ ನೀರಲ್ಲಿ ಮುಕ್ಕಾಲು ಬೇಯಿಸಿ. ಕುಕ್ಕರ್ ಬೇಡ, ತೆರೆದ ಪಾತ್ರೆ.
- ಒಂದು ಕಟ್ಟು ದಂಟಿನ ಸೊಪ್ಪನ್ನು ಎಂದಿಗಿಂತ ಸಣ್ಣಗೆ ಹೆಚ್ಚಿ ಹಾಕಿ. ಸೊಪ್ಪು ಮುಳುಗಿ ಮೇಲೆ ನಾಲ್ಕು ಬೆರಳು ನೀರು ನಿಲ್ಲಬೇಕು. ಉಪ್ಪು ಹಾಕಬೇಡಿ.
- ಎಂಟು ಹತ್ತು ನಿಮಿಷ ಕುದಿಸಿ ಬಸಿಯಿರಿ. ಸೌಟಿನಿಂದ ಒತ್ತಿ ನೀರು ಪೂರ್ತಿ ತೆಗೆಯಿರಿ.
- ಕಟ್ಟಿಗೆ ಖಾರ ರುಬ್ಬಿ ಹಾಕಿ, ಉಪ್ಪು ಹಾಕಿ ಉಳಿದವರಿಗೆ ಸಾರು ಮಾಡಿ.
- ಪಥ್ಯದವರ ಪಾಲನ್ನು ಮೊದಲೇ ತೆಗೆದಿಡಿ. ಸಾಸಿವೆ, ಜಜ್ಜಿದ ಬೆಳ್ಳುಳ್ಳಿ, ಈರುಳ್ಳಿ, ಒಣಮೆಣಸಿನಕಾಯಿ ಒಗ್ಗರಣೆ ಕೊಟ್ಟು ನಾಲ್ಕು ಹನಿ ನಿಂಬೆರಸ ಹಿಂಡಿ. ತೆಂಗಿನತುರಿ ಒಂದು ಚಮಚ ಸಾಕು.

ಬಸಿದ ಮಾತ್ರಕ್ಕೆ ಪೂರ್ತಿ ಹೋಗೋದಿಲ್ಲ, ಆದ್ದರಿಂದ ಪಲ್ಯದ ಅಳತೆ ಮೀರಬೇಡಿ. ಮಸ್ಸೊಪ್ಪು, ತಂಬುಳಿ, ಸೊಪ್ಪಿನ ಜ್ಯೂಸ್ ಇವುಗಳಲ್ಲಿ ನೀರು ಬಸಿಯೋದೇ ಇಲ್ಲ. ಅವು ಪಥ್ಯದವರಿಗೆ ಬೇಡ. ಹೀರೆ, ಸೋರೆ ಪಲ್ಯಕ್ಕೆ ಬಸಿಯುವ ಅಗತ್ಯ ಅಷ್ಟಾಗಿ ಇಲ್ಲ. ನೀರು ಕುಡಿಯಲು ಮಿತಿ ಹೇಳಿದ್ದರೆ ಮಜ್ಜಿಗೆ, ಸಾರು, ಕಾಫಿ ಎಲ್ಲವನ್ನೂ ಆ ಲೆಕ್ಕಕ್ಕೇ ಸೇರಿಸಿ.

5. ಉಪ್ಪಿನ ಡಬ್ಬಿ

ಊಟ ಬಿಡಿಸೋದು ಪೊಟ್ಯಾಸಿಯಂ ಅಲ್ಲ, ಉಪ್ಪು. ನಮ್ಮ ಮನೆಯಲ್ಲಿ ದೊಡ್ಡಪ್ಪನಿಗೆ ಪಥ್ಯ ಶುರುವಾದಾಗ ಮೊದಲ ವಾರ ತಟ್ಟೆಯಲ್ಲಿ ಅರ್ಧ ಹಾಗೇ ಉಳಿಯುತ್ತಿತ್ತು. "ಇದನ್ನ ತಿನ್ನೋದಕ್ಕಿಂತ ಉಪವಾಸ ವಾಸಿ" ಅನ್ನೋರು. ಕೊನೆಗೆ ದೊಡ್ಡಮ್ಮ ಒಂದು ಉಪಾಯ ಮಾಡಿದರು. ಅಡುಗೆಗೆ ಉಪ್ಪೇ ಹಾಕದೆ, ಡಾಕ್ಟರ್ ಹೇಳಿದ ಅಳತೆಯ ದಿನದ ಉಪ್ಪನ್ನು ಬೆಳಿಗ್ಗೆ ಒಂದು ಪುಟ್ಟ ಡಬ್ಬಿಗೆ ಹಾಕಿ ಅವರ ಕೈಗೇ ಕೊಟ್ಟರು. ಊಟದ ಹೊತ್ತಿಗೆ ಅವರೇ ಮೇಲೆ ಉದುರಿಸಿಕೊಳ್ಳೋರು. ಮೇಲೆ ಬಿದ್ದ ಉಪ್ಪು ನಾಲಿಗೆಗೆ ಬೇಗ ಸಿಗುತ್ತದೆ, ಆದ್ದರಿಂದ ಕಡಿಮೆಯಲ್ಲೇ ರುಚಿ ಬರುತ್ತದೆ. ಅದಕ್ಕಿಂತ ಮುಖ್ಯ, ತಮ್ಮ ಊಟ ತಮ್ಮ ಕೈಯಲ್ಲಿದೆ ಅನ್ನೋ ಭಾವನೆ ಅವರಿಗೆ ಬಂತು. ತಟ್ಟೆ ಖಾಲಿಯಾಗತೊಡಗಿತು.

ವಿಶ್ವ ಆರೋಗ್ಯ ಸಂಸ್ಥೆ ಎಲ್ಲ ವಯಸ್ಕರಿಗೂ ಹೇಳುವ ಮಿತಿ ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಟೀ ಚಮಚಕ್ಕಿಂತ ಕಡಿಮೆ. ಉಪ್ಪಿನಕಾಯಿ, ಹಪ್ಪಳ, ಬಾಳಕದ ಮೆಣಸಿನಕಾಯಿ ಇವುಗಳ ಉಪ್ಪೂ ಇದರಲ್ಲೇ ಬರಬೇಕು. ಜೀರಿಗೆ, ಕಾಳುಮೆಣಸು, ಬೆಳ್ಳುಳ್ಳಿ, ಕರಿಬೇವು, ನಿಂಬೆರಸ ಇದ್ದರೆ ಉಪ್ಪು ಕಡಿಮೆಯಾದದ್ದು ಹದಿನೈದು ಇಪ್ಪತ್ತು ದಿನದಲ್ಲಿ ಅಭ್ಯಾಸವಾಗುತ್ತದೆ.

6. ಇವುಗಳ ಬಗ್ಗೆ ಎಚ್ಚರ

- ಅಂಗಡಿಯ ಲೋ ಸೋಡಿಯಂ ಉಪ್ಪು: ಸೋಡಿಯಂ ತೆಗೆದ ಜಾಗಕ್ಕೆ ಪೊಟ್ಯಾಸಿಯಂ ಕ್ಲೋರೈಡ್ ಹಾಕಿರುತ್ತಾರೆ. ಬಿಪಿಗೆ ಒಳ್ಳೆಯದು ಅಂತ ತಂದು ಕೊಡಬೇಡಿ.
- ಎಳನೀರು: ಒಂದು ಬುರುಡೆಯಲ್ಲೇ 500 ಮಿಲಿಗ್ರಾಂ ದಾಟಬಹುದು.
- ಧಾರೆಹುಳಿ, ಅಂದರೆ ಕಮರಾಕ್ಷಿ: ಕಿಡ್ನಿ ಸೋತವರಿಗೆ ಇದು ನೇರ ವಿಷ. ನಿಲ್ಲದ ಬಿಕ್ಕಳಿಕೆ, ಗೊಂದಲ, ಫಿಟ್ಸ್, ಸಾವೂ ಆಗಬಹುದು. ಒಂದು ಹೋಳೂ ಬೇಡ.
- ಶುಗರ್ ದಿಢೀರ್ ಇಳಿದಾಗ ಎಳನೀರು, ಬಾಳೆಹಣ್ಣು ಬೇಡ. ಸಕ್ಕರೆ ಅಥವಾ ಗ್ಲುಕೋಸ್ ಕೊಡಿ.
- ಮೈಕೈ ನೋವಿಗೆ ಅಂಗಡಿಯಿಂದ ತಂದು ನುಂಗುವ ನೋವಿನ ಮಾತ್ರೆ: ಕಿಡ್ನಿಗೆ ಇನ್ನಷ್ಟು ಪೆಟ್ಟು. ಡಾಕ್ಟರನ್ನು ಕೇಳದೆ ಬೇಡ.
- ಕೈಕಾಲು ಸೋಲುವುದು, ಎದೆ ಹೊಡೆದುಕೊಳ್ಳುವುದು ಕಂಡರೆ ನಾಳೆ ಅಂತ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ.

7. ಈ ವಾರ ಮಾಡಬೇಕಾದ್ದು

ರಕ್ತದ ರಿಪೋರ್ಟಿನ ಫೋಟೊ ತೆಗೆದು ಮೊಬೈಲಿನಲ್ಲಿಟ್ಟುಕೊಳ್ಳಿ, ಪೊಟ್ಯಾಸಿಯಂ ಎಷ್ಟಿದೆ ಅಂತ ದಿನಾಂಕದ ಸಮೇತ ಬರೆದಿಡಿ. ಹಿತ್ತಲಲ್ಲಿ ಈಗಿರುವ ಗಿಡಗಳನ್ನು ಕಡಿಮೆ, ನಡುವೆ, ಹೆಚ್ಚು ಅಂತ ಮೂರು ಸಾಲು ಮಾಡಿ, ಮುಂದಿನ ಸಲ ಡಾಕ್ಟರ್ ಹತ್ತಿರ ಹೋದಾಗ ಆ ಪಟ್ಟಿ ತೋರಿಸಿ. ಮನೆಯಲ್ಲಿ ಅಡುಗೆ ಮಾಡುವವರ ಜೊತೆ ಕೂತು ಒಂದು ದಿನ ಬಸ್ಸಾರನ್ನು ಈ ಕ್ರಮದಲ್ಲಿ ಮಾಡಿ ನೋಡಿ. ಎಲ್ಲ ಕೆಲಸ ಅವರ ಮೇಲೇ ಬಿಡಬೇಡಿ, ಸೊಪ್ಪು ಹೆಚ್ಚೋದು ನೀವೇ ಮಾಡಿ. ಮತ್ತೆ, ಹೀರೆಬೀಜ ನಾಲ್ಕು ನೆನೆಸಿಡಿ. ಇವತ್ತು ಬಿತ್ತಿದರೆ ಇನ್ನು ಎರಡು ತಿಂಗಳ ಒಳಗೆ ಪಥ್ಯದ ತಟ್ಟೆಗೆ ಮನೆಯದೇ ಕಾಯಿ.